ಚರ್ಮ ಸುಮ್ಮನಿದ್ದಾಗ ರಕ್ತ ಹೇಳುವ ಮಾತು

ಕಬ್ಬು ಬೆಳೆಯುವ ನಮ್ಮ ಕಡೆಯ ಯಾವ ರೈತನನ್ನಾದರೂ ಕೇಳಿ ನೋಡಿ, ‘ರಿಕವರಿ’ ಎಂದರೇನೆಂದು ನಿಂತಲ್ಲೇ ಹೇಳುತ್ತಾನೆ. 2024–25ರ ಹಂಗಾಮಿಗೆ ಕೇಂದ್ರ ಸರ್ಕಾರ ಕ್ವಿಂಟಲ್ ಕಬ್ಬಿಗೆ ಗೊತ್ತುಮಾಡಿದ 340 ರೂಪಾಯಿ, ಶೇ 10.25ರ ಸಕ್ಕರೆ ಇಳುವರಿಗೆ ಕಟ್ಟಿದ ದರ. ಅಲ್ಲಿಂದ ಮೇಲೆ 0.1 ಏರಿದರೂ ಲೆಕ್ಕಕ್ಕೆ ಬರುತ್ತದೆ. ಕಾರ್ಖಾನೆಯ ಪ್ರಯೋಗಾಲಯದಲ್ಲಿ ಬರೆದ ಅಂಕಿಯೊಂದು ವರ್ಷದ ದುಡಿಮೆಯನ್ನು ತೂಗುತ್ತದೆ ಎಂಬುದು ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಸಣ್ಣ ಹುಡುಗರಿಗೂ ಗೊತ್ತು. ಅದೇ ಮನೆಯಲ್ಲಿ ಅಪ್ಪನ ರಕ್ತದ ರಿಪೋರ್ಟು ಮಾತ್ರ ಮಡಚಿದ ಮಡಿಕೆ ಬಿಚ್ಚದೆ ಕ್ಯಾರಿಬ್ಯಾಗಿನಲ್ಲಿ ಗೂಟಕ್ಕೆ ನೇತಾಡುತ್ತಿರುತ್ತದೆ. ಅಂಥ ಒಂದು ರಿಪೋರ್ಟಿನಲ್ಲಿರುವ ಆರು ಅಂಕಿಗಳು ಕಾಲನ್ನೂ ಜೀವವನ್ನೂ ಉಳಿಸಬಲ್ಲವು. ಅವುಗಳ ವಿಷಯ ಇವತ್ತು ಬರೆಯುತ್ತಿದ್ದೇನೆ.

ಕಬ್ಬಿನ ಕೆಂಪು ಕೊಳೆ ರೋಗ ಕಂಡವರಿಗೆ ನಾನು ಹೇಳಹೊರಟಿದ್ದು ಅರ್ಧ ತಿಳಿದಂತೆಯೇ. ಜಲ್ಲೆ ಹೊರಗಿನಿಂದ ಗಟ್ಟಿಮುಟ್ಟಾಗಿ ನಿಂತಿರುತ್ತದೆ, ಮೇಲಿನ ಒಂದೆರಡು ಎಲೆ ಹಳದಿಯಾಗಿರಬಹುದು, ಅಷ್ಟೇ. ಸೀಳಿ ನೋಡಿದರೆ ಒಳಗೆ ಕೆಂಪು, ಕೆಂಪಿನ ನಡುವೆ ಅಡ್ಡಡ್ಡ ಬಿಳಿ ಮಚ್ಚೆ, ಹುಳಿತ ವಾಸನೆ. ಹೊರಗೆ ಕಾಣುವ ಹೊತ್ತಿಗೆ ಒಳಗಿನದು ಮುಗಿದುಹೋಗಿರುತ್ತದೆ. ಮನುಷ್ಯನ ಕಾಲಿನೊಳಗೂ ಹೀಗೇ ನಡೆಯುವ ಒಂದು ರೋಗವಿದೆ. ವೈದ್ಯರು ಅದನ್ನು ನೆಕ್ರೊಟೈಸಿಂಗ್ ಫ್ಯಾಸಿಯೈಟಿಸ್ ಎನ್ನುತ್ತಾರೆ.

ನಮ್ಮ ಮಂದಿ ಇದಕ್ಕೂ, ಸಾದಾ ಕೀವು ಹುಣ್ಣಿಗೂ, ಚರ್ಮ ಕೆಂಪಾಗಿ ಬಾಯುವ ಸೆಲ್ಯುಲೈಟಿಸ್‌ಗೂ ಒಂದೇ ಮಾತು ಬಳಸುತ್ತಾರೆ: ನಂಜು. ಮಾತು ತಪ್ಪಲ್ಲ. ಆದರೆ ಈ ಮೂರರಲ್ಲಿ ಒಂದಕ್ಕೆ ಗುಳಿಗೆ ಸಾಕು, ಇನ್ನೊಂದಕ್ಕೆ ಕೀವು ಬಿಟ್ಟರೆ ಸಾಕು, ಮತ್ತೊಂದಕ್ಕೆ ತಾಸುಗಳೊಳಗೆ ದೊಡ್ಡ ಆಪರೇಷನ್ ಆಗಲೇಬೇಕು. ಮೊದಲ ದಿನ ಮೂರೂ ಒಂದೇ ತೆರನಾಗಿ ಕಾಣುತ್ತವೆ. ಮೋಸ ಹೋಗುವುದು ಅಲ್ಲಿಯೇ.

ಇಂಥ ರೋಗಿಯ ಕಥೆ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ಕಬ್ಬು ಕಡಿದ ಹೊಲದಲ್ಲಿ ಬರಿಗಾಲಲ್ಲಿ ನಡೆಯುವಾಗ ಕುಳೆ ಚುಚ್ಚುತ್ತದೆ, ಇಲ್ಲವೇ ರವದಿ ಕೊಯ್ದು ಗೆರೆ ಬೀಳುತ್ತದೆ. ಕೆಲವೊಮ್ಮೆ ಗಾಯವೇ ನೆನಪಿರುವುದಿಲ್ಲ. ಅರಿಶಿನ ಹಚ್ಚಿ, ಉಪ್ಪಿನ ಶಾಖ ಕೊಟ್ಟು ಎರಡು ದಿನ ಕಳೆಯುತ್ತದೆ. ಜ್ವರ ಬಂದರೆ ಸಮೀಪದ ದವಾಖಾನೆಯಲ್ಲಿ ನೋವಿನ ಸೂಜಿ, ಒಂದು ಸಲೈನ್. ರಾತ್ರಿ ಸ್ವಲ್ಪ ನಿದ್ದೆ. ಮರುದಿನ ಸೂಜಿಯ ಜೋರು ಇಳಿಯುತ್ತಿದ್ದಂತೆ ಆ ಮನುಷ್ಯ ಒದರಾಡುತ್ತಾನೆ: “ಕಾಲು ಕಡದ ಒಗದರ ಸಾಕ ಅನಸಾಕತ್ತೈತ್ರಿ.” ಅವನ ತಮ್ಮ ಪಂಚೆ ಸರಿಸಿ ನೋಡಿ ಹೇಳುತ್ತಾನೆ: “ಮ್ಯಾಲ ಏನೂ ಕಾಣವಲ್ದಲ್ಲ ಯಣ್ಣಾ.”

ಇಬ್ಬರ ಮಾತೂ ನಿಜ. ಕಣ್ಣಿಗೆ ಕಾಣುವುದಕ್ಕೂ ಮೈ ಅನುಭವಿಸುವುದಕ್ಕೂ ತಾಳೆಯಾಗದ ಈ ನೋವೇ ರೋಗದ ಮೊದಲ ಗುರುತು. ಸೋಂಕು ಕುಳಿತಿರುವುದು ಚರ್ಮದ ಕೆಳಗಿನ ಕೊಬ್ಬು ಮತ್ತು ಅದರ ತಳದಲ್ಲಿ ಸ್ನಾಯುಗಳನ್ನು ಸುತ್ತಿಕೊಂಡಿರುವ ಫ್ಯಾಸಿಯಾ ಎಂಬ ತೆಳು ಪೊರೆಯಲ್ಲಿ. ಕುರಿ ಕೊಯ್ದಾಗ ಮಾಂಸದ ಮೇಲೆ ಹೊಳೆಯುವ ಬಿಳಿ ಪದರು ಕಂಡಿದ್ದೀರಲ್ಲ, ಅದೇ. ಆ ಪೊರೆಗೆ ರಕ್ತದ ಹರಿವು ಕಡಿಮೆ. ರಕ್ತ ಕಡಿಮೆ ಇರುವಲ್ಲಿ ಕಾವಲೂ ಕಡಿಮೆ, ಔಷಧ ಮುಟ್ಟುವುದೂ ಕಡಿಮೆ. ಬ್ಯಾಕ್ಟೀರಿಯಾ ಆ ಪದರಿನ ಗುಂಟ ಕಾಲುವೆಯ ನೀರಿನಂತೆ ಸರಾಗವಾಗಿ ಹರಿಯುತ್ತವೆ. ಟಿವಿಯವರು ‘ಮಾಂಸ ತಿನ್ನುವ ಬ್ಯಾಕ್ಟೀರಿಯಾ’ ಎನ್ನುತ್ತಾರೆ, ಆದರೆ ಅವು ತಿನ್ನುವುದಿಲ್ಲ. ವಿಷ ಕಾರುತ್ತವೆ, ಆ ವಿಷ ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿಸುತ್ತದೆ, ರಕ್ತ ನಿಂತ ಭಾಗ ಸಾಯುತ್ತದೆ. ಚರ್ಮಕ್ಕೆ ರಕ್ತ ಒಯ್ಯುವ ನಾಳಗಳೂ ಆ ಪೊರೆಯನ್ನು ದಾಟಿಯೇ ಮೇಲೆ ಬರಬೇಕು. ಅವು ಮುಚ್ಚಿದ ಮೇಲೆಯೇ ಚರ್ಮ ನೀಲಿಗಟ್ಟುವುದು, ಕಪ್ಪು ನೀರಿನ ಗುಳ್ಳೆ ಏಳುವುದು. ಆಗ ಗುರುತಿಸಲು ಯಾರ ವಿದ್ಯೆಯೂ ಬೇಕಾಗುವುದಿಲ್ಲ, ಆದರೆ ಹೊತ್ತು ಮೀರಿರುತ್ತದೆ.

ರೋಗ ಹೊಸದಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಸೇನೆಯ ವೈದ್ಯನಾಗಿದ್ದ ಜೋಸೆಫ್ ಜೋನ್ಸ್ 2,642 ಗಾಯಾಳುಗಳಲ್ಲಿ ಇದನ್ನು ಬರೆದಿಟ್ಟ, ಅವರಲ್ಲಿ ಶೇ 46 ಮಂದಿ ಸತ್ತಿದ್ದರು. ಪ್ಯಾರಿಸ್ಸಿನ ಫೂರ್ನಿಯೆ 1883ರಲ್ಲಿ ಗಂಡಸರ ಜನನಾಂಗದ ಸುತ್ತ ಬರುವ ಇದೇ ಬಗೆಯ ಕೊಳೆತವನ್ನು ವಿವರಿಸಿದ, ಈಗಲೂ ಅದಕ್ಕೆ ಅವನದೇ ಹೆಸರು. ಇಂದಿನ ಹೆಸರು ಕೊಟ್ಟವನು ವಿಲ್ಸನ್, 1952ರಲ್ಲಿ.

ಹೆಸರು ಬಂದು ಅರ್ಧ ಶತಮಾನ ಕಳೆದ ಮೇಲೂ ದೊಡ್ಡ ದೊಡ್ಡ ಆಸ್ಪತ್ರೆಗಳು ಇದನ್ನು ತಪ್ಪಿಸಿಕೊಳ್ಳುತ್ತಲೇ ಇದ್ದವು. 2003ರಲ್ಲಿ ಸಿಂಗಪುರದ ವೈದ್ಯ ವಾಂಗ್ ಮತ್ತು ಸಂಗಡಿಗರು ತಮ್ಮಲ್ಲಿಗೆ ಬಂದ 89 ರೋಗಿಗಳ ಲೆಕ್ಕ ಪ್ರಕಟಿಸಿದರು. ಭರ್ತಿಯಾಗುವಾಗಲೇ ಸರಿಯಾಗಿ ಗುರುತು ಸಿಕ್ಕಿದ್ದು ಬರೀ 13 ಮಂದಿಗೆ. ಸಿಂಗಪುರದಂಥ ಊರಲ್ಲಿ, ಎಲ್ಲ ಸವಲತ್ತು ಇರುವಲ್ಲಿ! 89 ಜನರಲ್ಲಿ 63 ಮಂದಿಗೆ ಸಕ್ಕರೆ ಕಾಯಿಲೆ ಇತ್ತು, 19 ಮಂದಿ ತೀರಿಕೊಂಡರು. ಸಾವಿಗೆ ವಯಸ್ಸು ಕಾರಣವೇ, ಸಕ್ಕರೆ ಕಾರಣವೇ ಎಂದು ಒಂದೊಂದನ್ನೇ ಜಾಲಾಡಿದಾಗ ಕೊನೆಗೆ ತಾನೇ ತಾನಾಗಿ ನಿಂತ ಕಾರಣ ಒಂದೇ: ಆಪರೇಷನ್ 24 ತಾಸಿಗಿಂತ ತಡವಾದದ್ದು.

ಈ ಅಂಕಿ ನೋಡಿ ವಾಂಗ್ ಸುಮ್ಮನೆ ಕೂರಲಿಲ್ಲ. ಕಣ್ಣಿಗೆ ಕಾಣದ್ದು ರಕ್ತದಲ್ಲಿ ಕಂಡೀತೇ ಎಂದು ಹುಡುಕಿದರು. ಈ ರೋಗವಿದ್ದ 145 ಜನರ ಮತ್ತು ಬೇರೆ ಬಗೆಯ ತೀವ್ರ ಸೋಂಕಿನ 309 ಜನರ ರಕ್ತಪರೀಕ್ಷೆಗಳನ್ನು ಎದುರುಬದುರು ಇಟ್ಟು, ಎರಡು ಗುಂಪನ್ನು ಬೇರ್ಪಡಿಸಬಲ್ಲ ಆರು ಪರೀಕ್ಷೆಗಳನ್ನು ಆರಿಸಿ, ಪ್ರತಿಯೊಂದಕ್ಕೂ ಅಂಕ ಕೊಟ್ಟು 2004ರಲ್ಲಿ ಪ್ರಕಟಿಸಿದರು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ವೈದ್ಯರು ‘ಲ್ರಿನೆಕ್’ ಎನ್ನುತ್ತಾರೆ. ಆರರಲ್ಲಿ ಒಂದೂ ಅಪರೂಪದ ಪರೀಕ್ಷೆಯಲ್ಲ. ಎಂಆರ್‌ಐ ಬೇಡ, ಪುಣೆಗೆ ಮಾದರಿ ಕಳಿಸಬೇಕಿಲ್ಲ. ನಿಪ್ಪಾಣಿಯ ಬಸ್ ನಿಲ್ದಾಣದ ಆಸುಪಾಸಿನ ಲ್ಯಾಬಿನಲ್ಲೂ ಮಾಡಬಹುದಾದವು. ಈ ಪದ್ಧತಿಯನ್ನು ನಮ್ಮಂಥ ತಾಲೂಕುಗಳಿಗಾಗಿಯೇ ಮಾಡಿದಂತೆ ನನಗೆ ಕಾಣುವುದು ಅದಕ್ಕೇ.

ಮೊದಲನೆಯದು ಸಿಆರ್‌ಪಿ, ಸಿ-ರಿಯಾಕ್ಟಿವ್ ಪ್ರೋಟೀನ್. ಮೈಯಲ್ಲಿ ಎಲ್ಲಾದರೂ ಬೆಂಕಿ ಬಿದ್ದರೆ ಪಿತ್ತಜನಕಾಂಗ ಇದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಲೀಟರಿಗೆ 150 ಮಿಲಿಗ್ರಾಂ ಮುಟ್ಟಿದರೆ ನಾಲ್ಕು ಅಂಕ, ಆರರಲ್ಲೂ ಅತಿ ದೊಡ್ಡ ತೂಕ ಇದಕ್ಕೇ. ಎರಡನೆಯದು ಬಿಳಿ ರಕ್ತಕಣ. ಮೈಕ್ರೊಲೀಟರಿಗೆ 15 ಸಾವಿರ ದಾಟಿದರೆ ಒಂದು, 25 ಸಾವಿರ ದಾಟಿದರೆ ಎರಡು. ಮೂರನೆಯದು ಹಿಮೋಗ್ಲೋಬಿನ್. ಬ್ಯಾಕ್ಟೀರಿಯಾದ ವಿಷ ಕೆಂಪು ಕಣಗಳನ್ನೂ ಒಡೆಯುವುದರಿಂದ ಇದು ಇಳಿಯುತ್ತದೆ. 13.5ಕ್ಕಿಂತ ಕೆಳಗಾದರೆ ಒಂದು ಅಂಕ, 11ಕ್ಕಿಂತ ಕೆಳಗಾದರೆ ಎರಡು.

ನಾಲ್ಕನೆಯದು ಸೋಡಿಯಂ, ಅಂದರೆ ರಕ್ತದ ಉಪ್ಪು. ನನಗೆ ಇದರ ಮೇಲೆ ವಿಶೇಷ ಭರವಸೆ. ಸಾದಾ ಕೀವು ಹುಣ್ಣಿನವನಿಗೆ ಸೋಡಿಯಂ ಇಳಿಯುವುದು ಅಪರೂಪ. ನಂಜು ಮೈಯೆಲ್ಲ ಏರಿ, ರಕ್ತನಾಳಗಳು ಸೋರತೊಡಗಿ, ನೀರು ಇರಬೇಕಾದಲ್ಲಿ ಇರದೆ ಬೇರೆಡೆ ನಿಂತಾಗ ಅದು 135ರ ಕೆಳಗೆ ಜಾರುತ್ತದೆ. ಅದಕ್ಕೆ ಎರಡು ಅಂಕ. ವಾಂಗ್‌ಗಿಂತ ಮೊದಲೇ, 2000ದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ವೈದ್ಯರು ಬಿಳಿಕಣ ಮತ್ತು ಸೋಡಿಯಂ ಈ ಎರಡನ್ನೇ ಹಿಡಿದು ರೋಗವನ್ನು ಬೇರ್ಪಡಿಸಲು ನೋಡಿದ್ದರು. ಐದನೆಯದು ಕ್ರಿಯಾಟಿನಿನ್. ಮೂತ್ರಪಿಂಡಕ್ಕೆ ರಕ್ತ ಸಾಲದಾದಾಗ ಏರುವ ಇದು 1.6 ದಾಟಿದರೆ ಎರಡು ಅಂಕ. ಕೊನೆಯದು ಶುಗರ್, 180ರ ಮೇಲೆ ಹೋದರೆ ಒಂದು.

ಎಲ್ಲ ಕೂಡಿ 13. ಆರು ಅಂಕ ಬಂದರೆ ಅನುಮಾನ ಪಡಲೇಬೇಕು, ಎಂಟಾದರೆ ಅನುಮಾನ ಗಟ್ಟಿ.

ಇಷ್ಟನ್ನೇ ಬರೆದು ಮುಗಿಸಿದರೆ ನಾನು ಓದುಗರಿಗೆ ಅಪಾಯ ಮಾಡಿದಂತೆ. ಯಾಕೆಂದರೆ ಈ ಅಂಕ ಕಡಿಮೆ ಬಂತೆಂದು ನಿಶ್ಚಿಂತೆಯಿಂದ ಮನೆಗೆ ಕಳಿಸಿದರೆ ಅದೇ ಮುಳುವಾಗುತ್ತದೆ. 2019ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ನಿಜವಾಗಿ ರೋಗವಿದ್ದ ನೂರು ಜನರಲ್ಲಿ ಆರು ಅಂಕ ಮುಟ್ಟಿದವರು ಸುಮಾರು 68 ಮಂದಿ ಮಾತ್ರ. ಉಳಿದ 32 ಮಂದಿಯನ್ನು ಅಂಕ ಕೈಬಿಟ್ಟಿತ್ತು. ಆದರೆ ಅದೇ ಲೆಕ್ಕದಲ್ಲಿ ಜ್ವರ ಕಂಡಿದ್ದು ನೂರಕ್ಕೆ 46 ಮಂದಿಯಲ್ಲಿ, ಕಪ್ಪು ರಕ್ತದ ಗುಳ್ಳೆ ಕಂಡಿದ್ದು 25 ಮಂದಿಯಲ್ಲಿ. ಅಂದರೆ ರಕ್ತ ತಪ್ಪು ಹೇಳುವುದುಂಟು, ಚರ್ಮ ಮತ್ತು ಜ್ವರ ಅದಕ್ಕಿಂತ ಹೆಚ್ಚು ಸಲ ತಪ್ಪು ಹೇಳುತ್ತವೆ. ಹಾಗಾಗಿ ಈ ಅಂಕವನ್ನು ಒಂದೇ ದಿಕ್ಕಿನಲ್ಲಿ ಬಳಸಬೇಕು. ಹೆಚ್ಚು ಬಂದರೆ ಓಡಬೇಕು. ಕಡಿಮೆ ಬಂದರೆ, ನೋವು ಇನ್ನೂ ಏರುತ್ತಿದ್ದರೆ, ಅಂಕವನ್ನು ಬದಿಗಿಟ್ಟು ಆಗಲೂ ಓಡಬೇಕು.

ನಮ್ಮ ನೆಲಕ್ಕೇ ಸೇರಿದ ತೊಡಕುಗಳೂ ಇವೆ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ತಾಯಿಯೊಬ್ಬಳಿಗೆ ಹಿಮೋಗ್ಲೋಬಿನ್ ಮೊದಲೇ ಹತ್ತಿದ್ದು, ಜೊತೆಗೆ ಸಕ್ಕರೆ ಕಾಯಿಲೆ ಇದ್ದರೆ, ಯಾವ ನಂಜೂ ಇಲ್ಲದೆ ಮೂರು ಅಂಕ ಸೇರಿಬಿಡುತ್ತವೆ. ಮೂತ್ರಪಿಂಡ ಸೋತವರಿಗೆ ಇನ್ನೆರಡು. ಆದ್ದರಿಂದ ಇವತ್ತಿನ ಅಂಕಿಗಿಂತ ಅದು ಎಲ್ಲಿಂದ ಎಲ್ಲಿಗೆ ಹೋಗಿದೆ ಎನ್ನುವುದು ಮುಖ್ಯ. ಆರು ತಿಂಗಳ ಹಿಂದೆ 0.9 ಇದ್ದ ಕ್ರಿಯಾಟಿನಿನ್ ಇವತ್ತು 1.5 ಆಗಿದ್ದರೆ ಅಂಕ ಸೊನ್ನೆ, ಆದರೆ ಅನುಭವಿ ವೈದ್ಯ ಅದನ್ನು ನೋಡಿ ಎದ್ದು ನಿಲ್ಲುತ್ತಾನೆ. ಹಾಗೆ ಎದ್ದು ನಿಲ್ಲಬೇಕಾದರೆ ಹಳೆಯ ರಿಪೋರ್ಟು ಅವನ ಕೈಗೆ ಸಿಗಬೇಕು. ಗೂಟದ ಆ ಕ್ಯಾರಿಬ್ಯಾಗನ್ನು ದಯವಿಟ್ಟು ಜೊತೆಗೆ ತನ್ನಿ.

ಸಿಆರ್‌ಪಿಯದು ಬೇರೆಯೇ ಗೋಳು. ಸಣ್ಣ ಲ್ಯಾಬುಗಳಲ್ಲಿ ಗಾಜಿನ ಪಟ್ಟಿಯ ಮೇಲೆ ರಕ್ತದ ತಿಳಿ ಹಾಕಿ, ಲೇಟೆಕ್ಸ್ ಹನಿ ಬೆರೆಸಿ, ಕಣಕಣವಾಗಿ ಕೂಡಿಕೊಂಡರೆ ‘ಪಾಸಿಟಿವ್’ ಎಂದು ಬರೆದುಕೊಡುವ ರೂಢಿ ಇದೆ. ಲೀಟರಿಗೆ ಆರು ಮಿಲಿಗ್ರಾಂ ಇದ್ದರೂ ಅದು ಪಾಸಿಟಿವ್, ಮುನ್ನೂರು ಇದ್ದರೂ ಪಾಸಿಟಿವ್. ನೆಗಡಿಗೂ ನೆಕ್ರೊಟೈಸಿಂಗ್ ಫ್ಯಾಸಿಯೈಟಿಸ್‌ಗೂ ಒಂದೇ ಉತ್ತರ ಕೊಡುವ ಈ ಪರೀಕ್ಷೆಯಿಂದ ಇಲ್ಲಿ ಪ್ರಯೋಜನವಿಲ್ಲ. ಅಂಕಿ ಕೊಡುವ, ‘ಕ್ವಾಂಟಿಟೇಟಿವ್’ ಎನ್ನುವ ಸಿಆರ್‌ಪಿಯೇ ಬೇಕು. ಅದರಲ್ಲೂ ಒಂದು ಕಣ್ಣು ಅಳತೆಯ ಮೇಲಿರಲಿ. ಕೆಲವು ಲ್ಯಾಬುಗಳು ಲೀಟರಿನ ಲೆಕ್ಕ ಬರೆಯುತ್ತವೆ, ಕೆಲವು ಡೆಸಿಲೀಟರಿನದು. ಒಂದು ಕಡೆಯ 150 ಇನ್ನೊಂದು ಕಡೆ ಬರೀ 15. ಆ ಹದಿನೈದನ್ನು ನೋಡಿ ‘ಅಷ್ಟೇನಿಲ್ಲ’ ಎಂದುಕೊಂಡರೆ ನಾಲ್ಕು ಅಂಕ ಕೈತಪ್ಪುತ್ತದೆ. ಇನ್ನೊಂದು ಮಾತು, ಸಿಆರ್‌ಪಿ ಏರಲು ಸಮಯ ಬೇಕು. ಸೋಂಕು ಶುರುವಾಗಿ ಆರೆಂಟು ತಾಸಿಗೆ ಏರಲು ತೊಡಗಿ, ಎರಡು ದಿನದ ಹೊತ್ತಿಗೆ ತುದಿ ಮುಟ್ಟುತ್ತದೆ. ಬೆಳಿಗ್ಗೆ ತೆಗೆದ ರಕ್ತ ಸೌಮ್ಯವಾಗಿ ಕಂಡರೂ ಸಂಜೆ ಮತ್ತೆ ತೆಗೆಯಬೇಕಾಗುವುದು ಅದಕ್ಕೇ. “ಮುಂಜಾನೆ ಒಮ್ಮೆ ರಗತ ತಗದೀರಲ್ರಿ” ಎಂದು ಮನೆಯವರು ಬೇಸರಪಡಬಾರದು, ವೈದ್ಯರೂ ಸಂಕೋಚಪಡಬಾರದು.

ನೋವೇ ಮೊದಲ ಗುರುತು ಎಂದೆ. ಸಕ್ಕರೆ ಕಾಯಿಲೆ ಹಳತಾದವರಿಗೆ ಆ ಮಾತು ನಡೆಯುವುದಿಲ್ಲ. ಅವರ ಪಾದದ ನರ ಮೊದಲೇ ಜೋಮು ಹಿಡಿದಿರುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯಂತೆ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಸಕ್ಕರೆ ಕಾಯಿಲೆಯವರಿದ್ದಾರೆ, ನಮ್ಮ ಊರುಗಳಲ್ಲೂ ಮನೆಗೊಬ್ಬರು ಎನ್ನುವಂತಾಗಿದೆ. ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳು ಹೊಲಿಯುವ ಚಪ್ಪಲಿ ಕೊಲ್ಹಾಪುರಿ ಎಂಬ ಹೆಸರಿನಲ್ಲಿ ದೇಶ ಸುತ್ತುತ್ತದೆ, ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ. ಅದೇ ನೆಲದ ಜನ ಹೊಲಕ್ಕೆ ಬರಿಗಾಲಲ್ಲಿ ಇಳಿಯುತ್ತಾರೆ, ಮಾಯಕ್ಕನ ಚಿಂಚಲಿಗೆ ಬರಿಗಾಲಲ್ಲಿ ನಡೆಯುತ್ತಾರೆ. ಹರಕೆಗೆ ನಾನು ಅಡ್ಡ ಬರುವುದಿಲ್ಲ. ಶುಗರ್ ಇದ್ದವರು ಅಂದು ರಾತ್ರಿ ದೀಪದ ಬೆಳಕಿನಲ್ಲಿ ಅಂಗಾಲನ್ನು ಮಗಳಿಗೋ ಸೊಸೆಗೋ ತೋರಿಸಲಿ ಎಂದು ಮಾತ್ರ ಬೇಡಿಕೊಳ್ಳುತ್ತೇನೆ. ಅಂಥವರ ಕಾಲು ನೋವಿಲ್ಲದೆ ಬಾತು, ಶುಗರ್ ಕಾರಣವಿಲ್ಲದೆ ಜಿಗಿದು, ಮೈ ಸೋತಂತಾದರೆ ರಕ್ತಪರೀಕ್ಷೆಯ ತೂಕ ಇನ್ನೂ ಹೆಚ್ಚು.

ನೋವಿನ ಸೂಜಿಯ ಬಗ್ಗೆಯೂ ಹೇಳಲೇಬೇಕು. ನೋವು ಇಳಿಸುವ, ಜ್ವರ ಇಳಿಸುವ ಔಷಧ ಕೊಟ್ಟ ಮೇಲೆ ರೋಗಿ ಸುಧಾರಿಸಿದಂತೆ ಕಾಣುತ್ತಾನೆ. ಸ್ಟಿರಾಯ್ಡ್ ಕೂಡ ಸೇರಿದ್ದರೆ ಕೆಂಪೂ ಬಾವೂ ತಗ್ಗಿದಂತೆ ತೋರಬಹುದು, ಆದರೆ ಒಳಗಿನ ಪೊರೆ ಸಾಯುತ್ತಲೇ ಇರುತ್ತದೆ. ನೋವಿನಲ್ಲಿ ನರಳುವವನಿಗೆ ಸೂಜಿ ಬೇಡವೆನ್ನುವ ಕಲ್ಲೆದೆ ನನಗಿಲ್ಲ. ಸೂಜಿಗೆ ಮುಂಚೆ ಚರ್ಮ ಕೆಂಪಾದ ಅಂಚಿನ ಗುಂಟ ಬಾಲ್‌ಪೆನ್ನಿನಿಂದ ಒಂದು ಗೆರೆ ಎಳೆದು, ಪಕ್ಕದಲ್ಲಿ ಗಂಟೆ ಬರೆದಿಡಿ ಎನ್ನುತ್ತೇನೆ. ಎರಡು ತಾಸಿನಲ್ಲಿ ಬಾವು ಗೆರೆ ದಾಟಿದರೆ ಯಾವ ಔಷಧವೂ ಅದನ್ನು ಮುಚ್ಚಿಡಲಾರದು.

ಕೊನೆಯ ತೀರ್ಮಾನ ಮಾತ್ರ ರಕ್ತದಲ್ಲೂ ಇಲ್ಲ, ಸಿಟಿ ಸ್ಕ್ಯಾನಿನಲ್ಲೂ ಇಲ್ಲ, ಶಸ್ತ್ರವೈದ್ಯನ ಬೆರಳಿನಲ್ಲಿದೆ. ಅನುಮಾನವಿರುವಲ್ಲಿ ಮರಗಟ್ಟಿಸುವ ಮದ್ದು ಕೊಟ್ಟು ಒಂದಿಂಚಿನಷ್ಟು ಸೀಳಿ ಪೊರೆಯವರೆಗೆ ಬೆರಳಿಳಿಸುತ್ತಾರೆ. ಆರೋಗ್ಯವಂತ ಮಾಂಸದಲ್ಲಿ ರಕ್ತ ಒಸರುತ್ತದೆ, ಪದರುಗಳು ಬೆರಳಿಗೆ ಬಿಗಿಯಾಗಿ ತಡೆ ಒಡ್ಡುತ್ತವೆ. ಈ ರೋಗದಲ್ಲಿ ರಕ್ತವಿಲ್ಲ, ಪಾತ್ರೆ ತೊಳೆದ ನೀರಿನಂಥ ಬೂದು ದ್ರವ, ಬೆರಳು ತಡೆಯಿಲ್ಲದೆ ಜಾರಿ ಹೋಗುತ್ತದೆ. ಕಬ್ಬು ಸೀಳಿ ನೋಡಿದಂತೆಯೇ. ಅಲ್ಲಿಂದ ಮುಂದೆ ಸತ್ತದ್ದನ್ನೆಲ್ಲ ಕತ್ತರಿಸಿ ತೆಗೆಯುವುದು, ಮರುದಿನ ಮತ್ತೆ ಬಿಚ್ಚಿ ನೋಡಿ ಉಳಿದದ್ದನ್ನು ತೆಗೆಯುವುದು, ನರಕ್ಕೆ ಆ್ಯಂಟಿಬಯಾಟಿಕ್. ಆ್ಯಂಟಿಬಯಾಟಿಕ್ ಒಂದರಿಂದಲೇ ಇದು ವಾಸಿಯಾಗುವುದಿಲ್ಲ, ಸತ್ತ ಪೊರೆಗೆ ರಕ್ತವೇ ಹೋಗದಿದ್ದ ಮೇಲೆ ಔಷಧ ಹೋಗುವುದು ಹೇಗೆ? ಹಾಗಾದರೆ ಆರು ಪರೀಕ್ಷೆಗಳ ಕೆಲಸವೇನು? ಸೀಳಿ ನೋಡುವ ಧೈರ್ಯವನ್ನು ವೈದ್ಯನಿಗೆ, ಊರು ಬಿಟ್ಟು ಹೊರಡುವ ಧೈರ್ಯವನ್ನು ಮನೆಯವರಿಗೆ ಬೇಗ ಕೊಡುವುದು.

ಊರು ಬಿಟ್ಟು ಹೊರಡುವುದು ಎಂದೆ. ಗಡಿಯ ಈ ಐದು ತಾಲೂಕುಗಳ ಜನಕ್ಕೆ ದೊಡ್ಡ ದವಾಖಾನೆ ಎಂದರೆ ಹಿಂದಿನಿಂದಲೂ ಎರಡು ದಾರಿ. ಕಾಗವಾಡ, ಅಥಣಿ, ರಾಯಬಾಗದವರು ಮೀರಜಿಗೆ ಹೋಗುತ್ತಾರೆ. ಅಮೆರಿಕನ್ ಮಿಶನ್ನಿನ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ಕಟ್ಟಿಸಿದಾಗಿನಿಂದ ನಮ್ಮ ಅಜ್ಜಂದಿರು ಬಂಡಿ ಕಟ್ಟಿ ಹೋದ ದಾರಿ ಅದು. ಚಿಕ್ಕೋಡಿ, ನಿಪ್ಪಾಣಿಯವರು ಬೆಳಗಾವಿಗೆ ಇಲ್ಲವೇ ಕೊಲ್ಹಾಪುರಕ್ಕೆ ಹೋಗುತ್ತಾರೆ. ಅಥಣಿಯಿಂದ ಬೆಳಗಾವಿ ನೂರು ಕಿಲೋಮೀಟರಿಗೂ ದೂರ. ರಾತ್ರಿ ಹತ್ತಕ್ಕೆ ಹೋಗೋಣವೋ, ನಸುಕಿಗೆ ಹೋಗೋಣವೋ ಎಂಬ ಚರ್ಚೆ ಪ್ರತಿ ಮನೆಯಲ್ಲೂ ನಡೆಯುತ್ತದೆ. ಸೋಡಿಯಂ 128, ಸಿಆರ್‌ಪಿ 240 ಎಂದು ಬರೆದ ಕಾಗದ ಕೈಯಲ್ಲಿದ್ದರೆ ಆ ಚರ್ಚೆ ಅಲ್ಲಿಗೆ ನಿಲ್ಲುತ್ತದೆ. ಆಯುಷ್ಮಾನ್ ಕಾರ್ಡು ಗಡಿಯಾಚೆಯ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂಬುದನ್ನು ಮೈ ನೆಟ್ಟಗಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಆ ದಾರಿಗಳೂ ಎಲ್ಲ ದಿನ ತೆರೆದಿರುವುದಿಲ್ಲ. ಮಳೆಗಾಲದಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಮೈದುಂಬಿದರೆ ಕಲ್ಲೋಳ–ಯಡೂರ ಸೇತುವೆ ಮುಳುಗುತ್ತದೆ. 2019ರ ಆಗಸ್ಟಿನಲ್ಲಿ ನಿಪ್ಪಾಣಿ ಸಮೀಪದ ಯಮಗರ್ಣಿಯಲ್ಲಿ ನೀರು ಹೆದ್ದಾರಿಯನ್ನೇ ಏರಿತ್ತು, 2021ರ ಜುಲೈಯಲ್ಲಿ ಮತ್ತೆ ಏರಿತು. ನೆರೆನೀರಿನಲ್ಲಿ ಗಾಯದ ಕಾಲಿಟ್ಟು ದನ ಬಿಡಿಸುವ, ಸಾಮಾನು ಹೊರುವ ದಿನಗಳೂ ಅವೇ. ಸಿಹಿನೀರಿನಲ್ಲಿರುವ ಏರೋಮೊನಾಸ್‌ನಂಥ ಬ್ಯಾಕ್ಟೀರಿಯಾ ಗಾಯದೊಳಗಿಳಿದು ಇದೇ ರೋಗ ತರಬಲ್ಲದು. ಗಾಯ ಹೆಚ್ಚುವ ವಾರದಲ್ಲೇ ರಸ್ತೆ ಕಡಿಯುತ್ತದೆ.

ಅದಕ್ಕಾಗಿ ನನ್ನ ಬೇಡಿಕೆ ಸಣ್ಣದು, ಆದರೆ ಗಟ್ಟಿಯಾದದ್ದು. ಈ ಐದೂ ತಾಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಸೋಡಿಯಂ ಅಳೆಯುವ ಯಂತ್ರವೂ ಅಂಕಿ ಕೊಡುವ ಸಿಆರ್‌ಪಿಯೂ ರಾತ್ರಿ ಹಗಲು ನಡೆಯಬೇಕು. ಅದಕ್ಕೆ ರಾತ್ರಿ ಪಾಳಿಯಲ್ಲಿ ಒಬ್ಬ ಲ್ಯಾಬ್ ಟೆಕ್ನಿಷಿಯನ್ ಇರಬೇಕು, ರೀಏಜೆಂಟ್ ಖಾಲಿಯಾಗುವ ಮೊದಲೇ ಬರಬೇಕು. ಜೂನ್ ಬರುವ ಮುಂಚೆ ನೆರೆಯ ಸಿದ್ಧತೆಗೆ ದೋಣಿ, ಗಂಜಿ ಕೇಂದ್ರ ಎಂದು ಪಟ್ಟಿ ಮಾಡುತ್ತಾರಲ್ಲ, ಆ ಪಟ್ಟಿಯಲ್ಲಿ ಈ ಎರಡು ಪರೀಕ್ಷೆಗಳ ಸಾಮಗ್ರಿಯೂ ಸೇರಬೇಕು. ಖಾಸಗಿ ಲ್ಯಾಬಿನವರಿಗೂ ಒಂದು ಮಾತು: ಕಾಲುಬಾವಿನ ರೋಗಿಯ ಸೋಡಿಯಂ 130ರ ಕೆಳಗೆ ಬಂದಾಗ ಸಂಜೆ ರಿಪೋರ್ಟು ಒಯ್ಯಲು ಬರುವವರೆಗೆ ಕಾಯದೆ ಆಗಿಂದಾಗಲೇ ವೈದ್ಯರಿಗೆ ಫೋನ್ ಮಾಡಿ.

ಇನ್ನು ರೋಗಿಯನ್ನು ಮುಂದಕ್ಕೆ ಕಳಿಸುವ ಚೀಟಿ. ‘ಕಾಲು ಬಾವು, ಮೇಲಿನ ಚಿಕಿತ್ಸೆಗಾಗಿ’ ಎಂದಷ್ಟೇ ಬರೆದರೆ ಮೀರಜಿನ ಇಲ್ಲವೇ ಬೆಳಗಾವಿಯ ತುರ್ತು ವಿಭಾಗದಲ್ಲಿ ಅವನು ಸಾಲಿನಲ್ಲಿ ಕೂರುತ್ತಾನೆ. ಆರು ಅಂಕಿ, ರಕ್ತ ತೆಗೆದ ವೇಳೆ, ಕೊಟ್ಟ ಔಷಧ, ಪೆನ್ನಿನ ಗೆರೆ ಎಳೆದಾಗ ಎಷ್ಟು ಗಂಟೆಯಾಗಿತ್ತು, ಈಗ ಬಾವು ಎಷ್ಟು ಬೆರಳು ದಾಟಿದೆ, ಇಷ್ಟನ್ನು ಬರೆದು, ಆ್ಯಂಬುಲೆನ್ಸ್ ಹೊರಡುವ ಮೊದಲೇ ಅಲ್ಲಿನ ಶಸ್ತ್ರವೈದ್ಯರಿಗೆ ಫೋನಿನಲ್ಲಿ ಓದಿ ಹೇಳಿದರೆ, ರೋಗಿ ದಾರಿಯಲ್ಲಿ ಅಂಕಲಿ ಊರು ದಾಟುವ ಹೊತ್ತಿಗೆ ಅಲ್ಲಿ ಆಪರೇಷನ್ ಥಿಯೇಟರಿನ ದೀಪ ಹತ್ತಿರುತ್ತದೆ.